ನೀರಿನ ಮೇಲೆ ಹೆಣ್ಣು ನೋಡುವ ಶಾಸ್ತ್ರ

ಮೇಜಿನ ಮೇಲೆ ಗಂಜಿ ಹಾಕಿದ ಬಿಳಿಯ ಬಟ್ಟೆ. ಇಸ್ತ್ರಿಯ ಮಡಿಕೆ ಅದರ ಮೇಲೆ ಇನ್ನೂ ತೆಳುವಾಗಿ ಉಳಿದಿದೆ. ನಡುವೆ ಮೂರು ಅಂತಸ್ತಿನ ಬೆಳ್ಳಿಯ ತಟ್ಟೆ. ಕೆಳಗಿನ ಅಂತಸ್ತಿನಲ್ಲಿ ಅಂಚು ಕತ್ತರಿಸಿದ, ಎರಡು ಬೆರಳಗಲದ ಸೌತೆಕಾಯಿ ಸ್ಯಾಂಡ್‌ವಿಚ್ಚುಗಳು. ಅದರ ಮೇಲೆ ಮುಟ್ಟಿದರೆ ಉದುರುವಂತಿರುವ, ಸ್ಕೋನೆಂಬ ಸಣ್ಣ ಬನ್ನುಗಳು. ತುದಿಯಲ್ಲಿ ಒಂದೊಂದು ಕೆಂಪು ಹಣ್ಣು ಕೂರಿಸಿದ ಪುಟ್ಟ ಕೇಕುಗಳು. ಪಿಂಗಾಣಿ ಬಟ್ಟಲುಗಳಿಂದ ಚಹದ ಹಬೆ ನೇರವಾಗಿ ಮೇಲೇಳುತ್ತಿದೆ. ಅದನ್ನು ಅಲುಗಿಸುವಷ್ಟೂ ಗಾಳಿಯಿಲ್ಲ. ಕಿಟಕಿಯಾಚೆ ಸರೋವರ. ಬಣ್ಣವಿಲ್ಲದ ನೀರು, ಬಣ್ಣವಿಲ್ಲದ ಆಕಾಶ. ಎರಡರ ನಡುವೆ, ಯಾರೋ ಸೀಸದಕಡ್ಡಿಯಲ್ಲಿ ಎಳೆದು ಬೇಡವೆಂದು ಅರ್ಧ ಅಳಿಸಿದಂಥ ದಡ. ದಡಕ್ಕೆ ಈಚೆ ಒಂದು ಕರಿಯ ಬಂಡೆ. ಬಂಡೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತ ಬೂದು ಕೊಕ್ಕರೆ ತನ್ನ ಪ್ರತಿಬಿಂಬವನ್ನು ನೋಡುತ್ತಿದೆಯೋ, ಮೀನನ್ನು ನೋಡುತ್ತಿದೆಯೋ ಹೇಳುವುದು ಕಷ್ಟ. ನದಿಯಲ್ಲಿ ಸಾಗಿ ಸರೋವರದ ಬಾಯಿಗೆ ಬಂದ ದೋಣಿ, ಪ್ರಯಾಣಿಕರು ಚಿತ್ರ ತೆಗೆದುಕೊಳ್ಳಲೆಂದು, ಎಂಜಿನ್ ನಿಲ್ಲಿಸಿದೆ. ಮೇಜಿನ ಸುತ್ತ ಐದು ಮಂದಿ. ಒಬ್ಬರ ಕೈಯೂ ತಟ್ಟೆಯತ್ತ ಚಾಚಿಲ್ಲ.

ಇದು ಹೆಣ್ಣು ನೋಡುವ ಶಾಸ್ತ್ರ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾಯಿಬಿಡದಿರುವುದು ಈ ಶಾಸ್ತ್ರದ ಮೊದಲ ಅಂಗ. ಗಂಡು ನಾನು, ಸತ್ಯಪ್ರಕಾಶ್: ಎಪ್ಪತ್ತೊಂದರ ವಿಧುರ, ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ, ಬೇಸಿಗೆ ಕಳೆಯಲು ಐರಿಷ್ ನಾಡಿನ ಆಡಮ್ಸ್‌ಟೌನಿನ ಮಗಳ ಮನೆಗೆ ಬಂದವನು. ಹೆಣ್ಣು ವಸುಂಧರಾ: ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ತುಮಕೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ವಿಧವೆ, ಗಾಲ್ವೇಯ ಮಗನ ಮನೆಗೆ ಬಂದವರು. ನನ್ನ ಕಡೆಯ ಹಿರಿಯರಾಗಿ ಮಗಳು ಜ್ಯೋತ್ಸ್ನಾ, ಅಳಿಯ ದಿಲೀಪ್. ಅವರ ಕಡೆಯ ಹಿರಿಯನಾಗಿ ಮಗ ಶಶಾಂಕ್. ಮೂವರು ಹಿರಿಯರಿಗೂ ನಲವತ್ತು ತುಂಬಿಲ್ಲ.

ಯೋಜನೆ ಹುಟ್ಟಿದ್ದು ಮೇ ತಿಂಗಳ ಕನ್ನಡ ಕೂಟದ ಪಿಕ್‌ನಿಕ್‌ನಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ. ದಿಲೀಪನ ಮಾವ ಒಂದೂರಿನಲ್ಲಿ ಒಂಟಿ, ಶಶಾಂಕನ ತಾಯಿ ಇನ್ನೊಂದೂರಿನಲ್ಲಿ ಒಂಟಿ. ಇಬ್ಬರನ್ನೂ ಸೇರಿಸಿದರೆ ಒಂದೇ ಮನೆ, ಒಬ್ಬಳೇ ಅಡುಗೆಯವಳು, ಬಾಗಿಲಿಗೆ ಒಂದೇ ಕ್ಯಾಮೆರಾ. ಪ್ರೀತಿಗೂ ವ್ಯವಸ್ಥೆಗೂ ವ್ಯತ್ಯಾಸವಿದೆಯೆಂದು ಕಂಪನಿಗಳು ಈ ಹುಡುಗರಿಗೆ ಹೇಳಿಕೊಟ್ಟಿಲ್ಲ. ಇರಲಿ, ನಮ್ಮ ತಂದೆತಾಯಿಗಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳಿಗ್ಗೆ ಕಾರಿನಲ್ಲಿ ದಿಲೀಪ್ ಹೇಳಿದ್ದ:

"ಮಾವ, ಸುಮ್ನೆ ಒಂದು ಡೇ ಟ್ರಿಪ್ ಅಷ್ಟೇ. ಲಕ್ಷುರಿ ಬೋಟು, ಮಧ್ಯಾಹ್ನ ಹಳೇ ಕಾಲದ ಒಂದು ಹಳ್ಳಿ. ಏನೂ ಪ್ರೆಷರ್ ಇಲ್ಲ. ಶಶಾಂಕ್ ಅವರಮ್ಮಾನೂ ಬರ್ತಿದಾರೆ, ಅದು ಬೇರೆ ವಿಷಯ."

"ಹಾಗಾದ್ರೆ ಈ ಹೊಸ ಕೋಟು ಯಾಕಪ್ಪ ಹಾಕ್ಸಿದ್ದು?"

"ಚಳಿ ಮಾವ."

ಆಗ ಜುಲೈ ತಿಂಗಳು. ಹಿಂದಿನ ಸೀಟಿನಲ್ಲಿ ಜ್ಯೋತ್ಸ್ನಾ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು.

ನಾನೂ ನಕ್ಕೆ. ಆದರೆ ಒಪ್ಪಿಗೆಯಾಗಲಿ ಎಂಬ ಆಸೆ ನನಗಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಿಕ್‌ನಿಕ್‌ನ ಆ ಸಾಲಿನಲ್ಲಿ ನಾನು ವಸುಂಧರಾ ಅವರ ಹಿಂದೆಯೇ ನಿಂತಿದ್ದೆ. ನಡುವೆ ನುಗ್ಗಿದ ಕೂಟದ ಪದಾಧಿಕಾರಿಯೊಬ್ಬರಿಗೆ ಅವರು, "ಸಾಲು ಅಂದ್ರೆ ಏನು ಅಂತ ಬೋರ್ಡ್ ಮೇಲೆ ಬರ್ದು ತೋರಿಸ್ಬೇಕೇನ್ರಿ?" ಎಂದು ಕೇಳಿದ್ದರು. ಮನುಷ್ಯ ಹಿಂದಕ್ಕೆ ಹೋಗಿ ನಿಂತ. ಅಂದಿನಿಂದ ಆ ದನಿ ನನ್ನ ಕಿವಿಯಲ್ಲಿತ್ತು. ಬೆಳಗಿನ ಪತ್ರಿಕೆಯಲ್ಲೊಂದು ಸಾಲು ಓದಿ "ಇದನ್ನ ಕೇಳಿದ್ರಾ?" ಎಂದು ತಲೆಯೆತ್ತಿದರೆ ಎದುರಿಗೆ ಆ ದನಿಯಿರಬೇಕು; ನನಗೆ ಬೇಕಾಗಿದ್ದು ಅಷ್ಟೆ. ಹೆಂಡತಿ ಹೋದ ಮೇಲೆ ನಾನು ಓದಿದ್ದೆಲ್ಲ ನನ್ನೊಳಗೇ ಉಳಿದು, ಬಾಗಿಲು ತೆರೆಯದ ಕೋಣೆಯ ವಾಸನೆ ಹಿಡಿದಿತ್ತು.

ಯಾರೂ ತಿನ್ನದೆ ಕುಳಿತದ್ದಕ್ಕೆ ಕಾರಣವಿತ್ತು. ನಮ್ಮ ಪದ್ಧತಿಯಲ್ಲಿ ಹೆಣ್ಣಿನ ಮನೆಯವರು "ತಗೊಳ್ಳಿ, ಸಂಕೋಚ ಬೇಡ" ಎನ್ನಬೇಕು. ಗಂಡಿನ ಕಡೆಯವರು "ಈಗ ತಾನೇ ಆಯ್ತು" ಎಂದು ಒಂದೆರಡು ಸಲ ಬೇಡವೆಂದು, ಆಮೇಲೆ ಕೇಸರಿಬಾತಿಗೆ ಚಮಚ ಹಾಕಬೇಕು. ಇಲ್ಲಿ ತಿಂಡಿ ದೋಣಿಯದು. ದೋಣಿ ಯಾರ ಕಡೆಯದೆಂದು ಯಾರೂ ತೀರ್ಮಾನಿಸಿರಲಿಲ್ಲ.

ಉಪಚಾರದ ಹೊಣೆ ಹೊತ್ತ ನೋರೀನ್ ಎಂಬ ಹೆಂಗಸು ಎರಡು ಸಲ ಬಂದು, ತುಂಬಿದ ತಟ್ಟೆ ನೋಡಿ, ಎಲ್ಲ ಸರಿಯಿದೆಯೇ ಎಂದು ಕಳವಳದಿಂದ ವಿಚಾರಿಸಿದಳು.

"ಗ್ರ್ಯಾಂಡ್, ಗ್ರ್ಯಾಂಡ್," ಎಂದ ದಿಲೀಪ್, ಕೈಕಟ್ಟಿಕೊಂಡೇ.

"ನಂಗಂತೂ ಹಸಿವಾಗ್ತಿದೆ," ಎಂದು ವಸುಂಧರಾ ಒಂದು ಸ್ಯಾಂಡ್‌ವಿಚ್ ತೆಗೆದುಕೊಂಡರು. ಎಂಜಿನ್ ಮತ್ತೆ ಶುರುವಾಯಿತು. ಕೊಕ್ಕರೆ ಹಾರಿಹೋಯಿತು.

ಸಂದರ್ಶನವನ್ನು ಆರಂಭಿಸಿದವನು ಶಶಾಂಕ್. ಗಾಲ್ವೇಯಲ್ಲಿ ಹೃದಯಕ್ಕೆ ಹಾಕುವ ಸಲಕರಣೆ ತಯಾರಿಸುವ ಕಂಪನಿಯಲ್ಲಿ ಅವನ ಕೆಲಸ. ಪ್ರಶ್ನೆಗಳೂ ಸಹಜವಾಗಿ ಆ ಕಡೆಯಿಂದಲೇ ಬಂದವು.

"ಅಂಕಲ್, ಬಿಪಿ ಏನಾದ್ರೂ...?"

"ಸ್ವಲ್ಪ ಇದೆ, ಕಂಟ್ರೋಲಲ್ಲಿದೆ," ಎಂದಳು ಜ್ಯೋತ್ಸ್ನಾ, ನಾನು ಬಾಯಿ ತೆರೆಯುವ ಮೊದಲೇ. "ಶುಗರ್ ಇಲ್ಲ. ಹೋದ ವರ್ಷದ ಸ್ಕ್ಯಾನ್ ಎಲ್ಲಾ ನಾರ್ಮಲ್. ದಿನಾ ವಾಕಿಂಗ್ ಹೋಗ್ತಾರೆ. ಸಿಟ್ಟು ಅನ್ನೋದೇ ಇಲ್ಲ ನಮ್ಮಪ್ಪಂಗೆ."

ಹಿಂದೆ ಅವಳ ತಾಯಿಯನ್ನು ನಾನು ನೋಡಲು ಹೋದಾಗ ಅವಳ ಅಜ್ಜಿ, "ಹುಡುಗಿ ಹೊಲಿಗೆ ಕಲ್ತಿದಾಳೆ, ತಲೆ ಎತ್ತಿ ಮಾತಾಡೋಳಲ್ಲ" ಎಂದಿದ್ದರು. ಅದೇ ರಾಗ. ನಾನು ತಲೆ ತಗ್ಗಿಸಿ ಸ್ಕೋನಿಗೆ ಬೆಣ್ಣೆ ಹಚ್ಚತೊಡಗಿದೆ. ತಲೆ ತಗ್ಗಿಸುವುದು ಎಷ್ಟು ಸುಲಭವಾಗಿ ಬರುತ್ತದೆಂದು ನನಗೇ ಆಶ್ಚರ್ಯವಾಯಿತು.

"ನಾನೊಂದು ಕೇಳ್ಲಾ?" ಎಂದರು ವಸುಂಧರಾ. "ಅಡುಗೆ ಬರುತ್ತಾ?"

ದಿಲೀಪ್ ನಕ್ಕ. ಅವರು ನಗಲಿಲ್ಲ.

"ಅನ್ನ, ತಿಳಿಸಾರು ಬರುತ್ತೆ. ಉಪ್ಪಿಟ್ಟು ಗಂಟಾಗುತ್ತೆ."

"ರವೆ ಹುರೀಬೇಕು."

"ಹುರೀತೀನಿ. ಆದ್ರೂ ಗಂಟಾಗುತ್ತೆ."

"ನೀರು ಕುದಿಯೋಕೆ ಮುಂಚೇನೇ ಸುರೀತೀರ. ಅವಸರ. ಹಾಡು?"

"ಬಚ್ಚಲುಮನೇಲಿ ಮಾತ್ರ."

ಅವರ ತುಟಿಯ ಒಂದು ಕೊನೆ ಮೇಲೇರಿತು. ನನ್ನ ಎದೆಯಲ್ಲಿ ಯಾರೋ ಕಿಟಕಿ ತೆಗೆದಂತಾಯಿತು. ಎಪ್ಪತ್ತೊಂದರ ಎದೆಗೆ ಇದು ಅತಿಯಾಯಿತೆಂದು ನನಗೂ ಗೊತ್ತಿತ್ತು.

"ಇನ್ನೊಂದೇ ಪ್ರಶ್ನೆ. ಊರು ಬಿಟ್ಟು ಬಂದು ಇರೋಕಾಗುತ್ತಾ ನಿಮಗೆ?"

"ಯಾವ ಊರಿಗೆ?"

"ನಮ್ಮೂರಿಗೆ. ತುಮಕೂರಿಗೆ."

"ಅಯ್ಯೋ ಆಂಟಿ!" ದಿಲೀಪ್ ನಡುವೆ ನುಗ್ಗಿದ. "ಮೈಸೂರಲ್ಲಿ ಮಾವಂದು ಎರಡು ಫ್ಲೋರ್ ಮನೆ ಐತಲ್ಲ! ಲಿಫ್ಟ್ ಹಾಕ್ಸೋಣ ಅಂತಾನೂ ಮಾತಾಗಿದೆ. ನೀವು ಯಾಕೆ ತುಮಕೂರು ಅಂತೀರ?"

ವಸುಂಧರಾ ಅವನತ್ತ ನೋಡಲಿಲ್ಲ. ನನ್ನ ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದರು. ಅಂಥ ನೋಟಕ್ಕೆ ಉತ್ತರವಾಗಿ ಹೌದು, ಇಲ್ಲ, ಯೋಚಿಸಬೇಕು ಎಂಬ ಯಾವ ಮಾತೂ ನಡೆಯುತ್ತಿತ್ತು. ನಾನು ಅಳಿಯನ ಮುಖ ನೋಡಿದೆ.

ಅವರು ಬಾಯಿ ಒರೆಸಿಕೊಂಡು, ಮಗನತ್ತ ಬಾಗಿ ಕಿವಿಯಲ್ಲಿ ಏನೋ ಹೇಳಿದರು. ಶಶಾಂಕನ ಮುಖ ಕೆಂಪಾಯಿತು. "ಈಗಾ? ಇಲ್ಲೇನಾ?" ಎಂದ ಅವನು, ಮೆಲ್ಲಗೆ. ತಾಯಿ ತಲೆಯಾಡಿಸಿದರು. ಅವನು ಗಂಟಲು ಸರಿಮಾಡಿಕೊಂಡು, ಮೇಜುಬಟ್ಟೆಗೆ ಹೇಳುವವನಂತೆ ಹೇಳಿದ:

"ಮತ್ತೆ... ಊರಿಗೆ ಹೋಗಿ ತಿಳಿಸ್ತೀವಿ."

ಈ ವಾಕ್ಯ ಕೇಳಿ ಅರ್ಥವಾಗದವನು ಕನ್ನಡಿಗನಾಗಿ ಇನ್ನೂ ಮದುವೆಯ ವಯಸ್ಸಿಗೆ ಬಂದಿಲ್ಲವೆಂದೇ ತಿಳಿಯಬೇಕು. ಎದುರಿಗೆ ಕೂತು ಬೇಡವೆನ್ನುವುದು ನಮ್ಮಲ್ಲಿಲ್ಲ. ತಿಂಡಿ ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದುಬಿಡುತ್ತೇವೆ, ಮುಂದೆ ತಿಳಿಸುವುದಿಲ್ಲ. ಮೌನವೇ ತಿಳಿಸುತ್ತದೆ. ಸಾಮಾನ್ಯವಾಗಿ ಗಂಡಿನ ಕಡೆಯವರ ಸೊತ್ತಾದ ಈ ಮಾತನ್ನು ಇಂದು ಹೆಣ್ಣಿನ ಕಡೆಯವರು ಎತ್ತಿಕೊಂಡಿದ್ದರು, ಅದರಲ್ಲಿ ತಪ್ಪಿಲ್ಲ. ಆದರೆ ಈ ಮಾತಿಗೆ ಒಂದು ಮನೆ ಬೇಕು, ಹೊಸ್ತಿಲು ಬೇಕು, ಹೊರಗೆ ಚಪ್ಪಲಿ ಕಾಯುತ್ತಿರಬೇಕು. ಹೇಳಿದವರು ತಕ್ಷಣ ಹೊರಡಬೇಕು. ಶಶಾಂಕ್ ಇದನ್ನು ಸರೋವರದ ನಡುವೆ ಹೇಳಿದ್ದ. ನಾಲ್ಕು ದಿಕ್ಕಿನಲ್ಲೂ ನೀರು, ಮುಂದೆ ಹಳ್ಳಿಯ ವಿಹಾರ, ಊಟ, ಮತ್ತೆ ಇದೇ ಮೇಜಿಗೆ ಮರಳಿ ಸಂಜೆಯವರೆಗಿನ ಪಯಣ. ಎಲ್ಲ ಸೇರಿಸಿ ಮುಂಗಡವಾಗಿ ಕಾದಿರಿಸಿದ್ದು. ಹುಡುಗರು ಎಲ್ಲವನ್ನೂ ಯೋಚಿಸಿದ್ದರು. ಬೇಡವೆಂದವರು ಎಲ್ಲಿಗೆ ಎದ್ದುಹೋಗಬೇಕೆಂಬುದನ್ನು ಬಿಟ್ಟು.

ಜ್ಯೋತ್ಸ್ನಾಳ ಮುಖ ಬಾಡಿತು. ದಿಲೀಪನಿಗೆ ಮಾತ್ರ ಹೊಳೆಯಲಿಲ್ಲ. "ಏ, ಟೈಮ್ ತಗೊಳ್ಳಿ ಗುರು, ನೋ ಹರ್ರಿ," ಎಂದ.

ಐದೂ ಜನ ಕಿಟಕಿಯ ಹೊರಗೆ ನೋಡತೊಡಗಿದೆವು. ನಮ್ಮಷ್ಟು ತನ್ಮಯರಾಗಿ ಆ ನೀರನ್ನು ನೋಡಿದ ಪ್ರವಾಸಿಗರು ಆ ದೋಣಿಗೆ ಹಿಂದೆಂದೂ ಸಿಕ್ಕಿರಲಾರರು.

ಅಷ್ಟರಲ್ಲಿ ನೋರೀನ್ ಬಂದಳು. ಕೈಯಲ್ಲಿ ಮೇಣದಬತ್ತಿ ಹಚ್ಚಿದ ಕೇಕು, ಹಿಂದೆ ಶಾಂಪೇನಿನ ಬಾಟಲಿ ಹಿಡಿದ ಇನ್ನೊಬ್ಬಳು. ನೋರೀನ್ ಮೈಕು ತೆಗೆದುಕೊಂಡು, ಇಂದು ನಮ್ಮ ನಡುವೆ ವಿವಾಹ ವಾರ್ಷಿಕೋತ್ಸವ ಆಚರಿಸುತ್ತಿರುವ ಒಂದು ಸುಂದರ ಜೋಡಿಯಿದೆ ಎಂದು ಇಡೀ ದೋಣಿಗೆ ಸಾರಿ, ನನ್ನ ಮತ್ತು ವಸುಂಧರಾ ಅವರ ನಡುವೆ ಕೇಕನ್ನಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು.

ನಾನು ದಿಲೀಪನನ್ನು ನೋಡಿದೆ.

"ಕಿಟಕಿ ಟೇಬಲ್ ಸ್ಪೆಷಲ್ ಅಕೇಶನ್‌ಗೆ ಮಾತ್ರ ಅಂದ್ರು ಮಾವ," ಎಂದ ಅವನು ತಗ್ಗಿದ ದನಿಯಲ್ಲಿ. "ಫೋನಲ್ಲಿ ಆ್ಯನಿವರ್ಸರಿ ಅಂದ್ಬಿಟ್ಟೆ. ನಿಜ ಏನಂತ ಹೇಳ್ಲಿ ಹೇಳಿ ಅವರಿಗೆ?"

ಎಷ್ಟು ವರ್ಷವಾಯಿತೆಂದು ನೋರೀನ್ ಕೇಳಿದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದನ್ನು ಕೆಡಿಸುವ ಧೈರ್ಯ ನನಗೆ ಬರಲಿಲ್ಲ. ವಸುಂಧರಾ ಕೇಕನ್ನು ನೋಡಿದರು, ನನ್ನನ್ನು ನೋಡಿದರು.

"ಫಾರ್ಟಿ," ಎಂದರು, ಹಾಜರಿ ಕರೆಯುವ ಶಾಂತಿಯಲ್ಲಿ. ಚಾಕು ನನ್ನ ಕೈಗಿತ್ತು ಕನ್ನಡದಲ್ಲಿ, "ಕತ್ತರಿಸಿ. ಪಾಪ, ಅವಳ ಮುಖ ಸಣ್ಣದಾಗೋದು ಬೇಡ," ಎಂದರು.

ತಿರಸ್ಕೃತನಾದ ಕಾಲು ಗಂಟೆಯೊಳಗೆ ನಲವತ್ತು ವರ್ಷದ ದಾಂಪತ್ಯದ ಕೇಕನ್ನು ಕತ್ತರಿಸಿದ ಗಂಡು ಲೋಕದಲ್ಲಿ ನಾನೊಬ್ಬನೇ ಇರಬೇಕು. ಕೇಕು ಚೆನ್ನಾಗಿತ್ತು.

ಕಿಲ್‌ವೇರಾ ಎಂಬ ಆ ಹಳ್ಳಿ ಮಧ್ಯಯುಗದ್ದು. ಅಲ್ಲಿನ ಮಧ್ಯಯುಗ ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತದೆಂದು ದೋಣಿಕಟ್ಟೆಯ ಫಲಕ ಹೇಳುತ್ತಿತ್ತು, ಸೋಮವಾರ ರಜೆ. ಒಂದೇ ಬೀದಿ, ಕಲ್ಲಿನ ಶಿಲುಬೆ, ಕುಂಡಗಳಲ್ಲಿ ಜಿರೇನಿಯಂ ತೂಗಿದ ಮನೆಗಳು, ಸನ್ಯಾಸಿಗಳ ಹಳೆಯ ಹಿಟ್ಟಿನ ಗಿರಣಿಯಲ್ಲೀಗ ಉಣ್ಣೆಯ ಸ್ವೆಟರಿನ ಅಂಗಡಿ. ಬೀದಿಯ ಕೊನೆಯಲ್ಲಿ, ಮೇಲ್ಛಾವಣಿ ಕಳೆದುಕೊಂಡು ಆಕಾಶವನ್ನೇ ಹೊದ್ದ ಒಂದು ಮಠ. ಹುಡುಗರು ಮೂವರೂ ಏಕಕಾಲದಲ್ಲಿ ಸ್ವೆಟರುಗಳ ಬಗ್ಗೆ ಅಪಾರ ಆಸಕ್ತಿ ತಳೆದು ಅಂಗಡಿಯೊಳಗೆ ಮಾಯವಾದರು.

"ಉಪಾಯ ನೋಡಿ," ಎಂದರು ವಸುಂಧರಾ. "ಒಂಬತ್ತನೇ ಕ್ಲಾಸಿನ ಮಕ್ಕಳೂ ಇದಕ್ಕಿಂತ ಚೆನ್ನಾಗಿ ಚಕ್ಕರ್ ಹೊಡೀತಾರೆ."

ನಾವು ಮಠದ ಕಮಾನುಗಳ ಸಾಲಿನಲ್ಲಿ ನಡೆದೆವು. ಹಾಸುಗಲ್ಲುಗಳ ಸಂದಿಯಲ್ಲಿ ಹುಲ್ಲು. ಒಂದೊಂದು ಕಮಾನಿನಲ್ಲೂ ಸರೋವರದ ಒಂದೊಂದು ತುಂಡು.

"ಕಾರಣ ಕೇಳಬಹುದಾ?" ಎಂದೆ.

"ಕೇಳಬಾರದು. ಅದಕ್ಕೇ ತಾನೇ ಊರಿಗೆ ಹೋಗಿ ತಿಳಿಸ್ತೀವಿ ಅನ್ನೋದು." ನಾಲ್ಕು ಹೆಜ್ಜೆ ನಡೆದು ನಿಂತರು. "ಪ್ರಶ್ನೆ ಕೇಳಿದ್ದು ನಿಮಗೆ. ನೀವು ಅಳಿಯನ ಮುಖ ನೋಡಿದ್ರಿ."

"ಈಗ ಉತ್ತರ ಹೇಳ್ತೀನಿ. ತುಮಕೂರಿಗೆ ಬರ್ತೀನಿ."

ಅವರು ಜೋರಾಗಿ ನಕ್ಕರು. ನಗುವಿನಲ್ಲಿ ಕ್ರೌರ್ಯವಿರಲಿಲ್ಲ, ಇದ್ದಿದ್ದರೆ ಸಹಿಸಲು ಸುಲಭವಾಗುತ್ತಿತ್ತು.

"ಬಂದ್ರೂ ಬೇಡ ಕಣ್ರಿ. ನಿಮ್ಮ ಮೇಲೆ ನನಗೇನೂ ಇಲ್ಲ, ಒಳ್ಳೆಯವರ ಥರ ಕಾಣ್ತೀರ. ನಾನು ಅತ್ತೆ ಮನೇಲಿ ಇದ್ದೆ, ಆಮೇಲೆ ಯಜಮಾನರ ಮನೇಲಿ ಇದ್ದೆ, ಅವರು ಮಲಗಿದ ಮೇಲೆ ಕಾಯಿಲೆ ಮನೇಲಿ ಇದ್ದೆ. ಈಗ ನನ್ನ ಮನೇಲಿ ಇದೀನಿ. ಬೆಳಿಗ್ಗೆ ಬೇಕಾದ್ರೆ ತಿಂಡಿ ಮಾಡ್ತೀನಿ, ಬೇಡ ಅಂದ್ರೆ ಒಂದು ಬಾಳೆಹಣ್ಣು. ಸಂಜೆ ಹುಡುಗೀರು ಲೆಕ್ಕ ಹೇಳಿಸ್ಕೊಳ್ಳೋಕೆ ಬರ್ತಾರೆ. ರೇಡಿಯೋ ಹಾಕ್ಕೊಂಡು ಮಲಗ್ತೀನಿ. ಇದು ನನಗೆ ಸಿಕ್ಕಿದ್ದೇ ಮೊನ್ನೆ ಮೊನ್ನೆ. ನಿಮಗಿಂತ ಒಳ್ಳೆಯವರು ಬಂದ್ರೂ ಕೊಡಲ್ಲ."

"ನನಗಿಂತ ಒಳ್ಳೆಯವರು ಇದಾರಾ?"

"ಇರ್ತಾರೆ ಬಿಡಿ. ಉಪ್ಪಿಟ್ಟು ಉದುರುದುರಾಗಿ ಮಾಡೋರು."

ಆಗಲೇ ದೋಣಿಯ ಸಹಪ್ರಯಾಣಿಕರಾದ ಐರಿಷ್ ದಂಪತಿ ಎದುರಾದರು. ಮದುವೆಯಾಗಿ ಹೆಚ್ಚು ಕಾಲವಾಗದವರು; ಕೈ ಕೈ ಹಿಡಿದಿದ್ದರು. ನಲವತ್ತು ವರ್ಷ ಜೊತೆಯಾಗಿರುವುದರ ಗುಟ್ಟೇನೆಂದು ಹುಡುಗಿ ಕೇಳಿದಳು.

ವಸುಂಧರಾ ಸಾವಕಾಶವಾಗಿ, ಪಾಠದ ಇಂಗ್ಲಿಷಿನಲ್ಲಿ, ಉತ್ತರಿಸಿದರು: ಇವರು ಮೈಸೂರಿನಲ್ಲಿರುತ್ತಾರೆ, ನಾನು ತುಮಕೂರಿನಲ್ಲಿರುತ್ತೇನೆ.

ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ನಗದಿರಲಾಗಲಿಲ್ಲ. ವಸುಂಧರಾ ನಗು ತಡೆಯಲು ಕಮಾನಿನ ಕಂಬ ಹಿಡಿದುಕೊಂಡರು. ದೂರದಲ್ಲಿ, ಸ್ವೆಟರ್ ಅಂಗಡಿಯ ಬಾಗಿಲಲ್ಲಿ, ದಿಲೀಪ್ ಫೋನನ್ನು ಮೇಲೆತ್ತಿ ಹಿಡಿದಿದ್ದು ನಮಗೆ ಕಾಣಿಸಲಿಲ್ಲ.

ಕಾಣಿಸಿದ್ದು ಮರಳಿ ದೋಣಿ ಹತ್ತಿದ ಮೇಲೆ. ಅದೇ ಮೇಜು, ಈಗ ಅದರ ಮೇಲೆ ಚೀಸಿನ ತುಂಡುಗಳನ್ನು ಜೋಡಿಸಿದ ಹಲಗೆ. ದಿಲೀಪ್ ಫೋನನ್ನು ಎಲ್ಲರ ಮುಂದೆ ಹಿಡಿದ. ಪರದೆಯಲ್ಲಿ ಮಠದ ಕಮಾನು, ಅದರೊಳಗೆ ನಗುತ್ತಿರುವ ಇಬ್ಬರು ಮುದುಕರು. ಚಿತ್ರ ಚೆನ್ನಾಗಿತ್ತೆಂಬುದೇ ತೊಂದರೆಯಾಯಿತು.

"ನೋಡಮ್ಮ!" ಎಂದ ಶಶಾಂಕ್. ಬೆಳಗಿನಿಂದ ಹೊತ್ತಿದ್ದ ಅಪರಾಧಿ ಭಾವ ಅವನ ಮುಖದಿಂದ ಕರಗಿಹೋಗಿತ್ತು. "ಊರಿಗೆ ಹೋಗಿ ತಿಳಿಸ್ತೀವಿ ಅಂತ ಹೇಳಿಸ್ತೀಯ, ಇಲ್ಲಿ ನೋಡಿದ್ರೆ ಹಿಂಗೆ! ನಾಚಿಕೆ ಇದ್ರೆ ಮೊದ್ಲೇ ಹೇಳ್ಬಾರ್ದಾ?"

"ನಾಚಿಕೆ ಏನೂ ಇಲ್ಲ. ನಂಗೆ ಬೇಡ ಅಂತಾನೇ ಹೇಳಿದ್ದು."

"ಆಂಟಿ, ಆಂಟಿ," ಎಂದು ಜ್ಯೋತ್ಸ್ನಾ ಅವರ ಕೈಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ಆ ಕಣ್ಣೀರು ಪ್ರಾಮಾಣಿಕವಾದದ್ದು. "ಅಮ್ಮ ಹೋದ್ಮೇಲೆ ಅಪ್ಪ ಹೀಗೆ ನಕ್ಕಿದ್ದನ್ನ ನಾನು ನೋಡೇ ಇಲ್ಲ."

"ನಗೋದು ಬೇರೆ ಕಣಮ್ಮ, ಜೊತೇಲಿರೋದು ಬೇರೆ."

"ಎಲ್ಲ ಹೆಣ್ಮಕ್ಕಳೂ ಮೊದ್ಲು ಹಂಗೇ ಅನ್ನೋದು," ಎಂದ ದಿಲೀಪ್. "ಸೆಪ್ಟೆಂಬರ್‌ನಲ್ಲಿ ಇಬ್ರೂ ವಾಪಸ್ ಹೋಗ್ತೀರ. ಸಿಂಪಲ್ಲಾಗಿ ರಿಜಿಸ್ಟರ್. ಮಾವನ ಕೆಳಗಿನ ಫ್ಲೋರ್ ಖಾಲಿ ಮಾಡ್ಸೋಣ. ಶಶಾಂಕ್, ತುಮಕೂರು ಮನೆ ಬಾಡಿಗೆಗೆ ಕೊಡೋದಾ ಹೆಂಗೆ?"

"ಮಾರೋದೇ ವಾಸಿ. ಯಾರು ನೋಡ್ಕೊಳ್ತಾರೆ ಅಲ್ಲಿ?"

"ನಾನು ನೋಡ್ಕೊಳ್ತೀನಿ," ಎಂದರು ವಸುಂಧರಾ. "ನಾನು ಬೇಡ ಅಂದೆ. ಕೇಳಿಸ್ತಾ?"

"ಕೇಳಿಸ್ತಮ್ಮ," ಎಂದ ಮಗ, ಪ್ರೀತಿಯಿಂದ, ಫೋನಿನಲ್ಲಿ ತಿಂಗಳ ಪುಟ ತಿರುವುತ್ತ.

ಅವರ ದನಿ, ಪದಾಧಿಕಾರಿಯನ್ನು ಸಾಲಿನ ಕೊನೆಗೆ ಕಳಿಸಿದ ಅದೇ ದನಿ, ಈ ಮೇಜಿನಲ್ಲಿ ಯಾರನ್ನೂ ಎಲ್ಲಿಗೂ ಕಳಿಸಲಾರದೆ ಹೋಯಿತು. ಅವರು ಎದುರಿಗಿದ್ದ ನ್ಯಾಪ್‌ಕಿನ್ನನ್ನು ಮಡಿಸುತ್ತಿದ್ದರು. ಅರ್ಧ, ಅರ್ಧದ ಅರ್ಧ, ಇನ್ನು ಮಡಿಸಲಾಗದಷ್ಟು ಚಿಕ್ಕದು.

ನಾನು ಸುಮ್ಮನಿದ್ದರೆ ಸಾಕಾಗಿತ್ತು. ಆ ದೋಣಿಯಂತೆಯೇ ಈ ಮಾತುಕತೆಗೂ ಸ್ವಂತ ಎಂಜಿನ್ ಇತ್ತು. ಅದು ನನ್ನನ್ನು ಸೆಪ್ಟೆಂಬರಿನ ದಡ ಮುಟ್ಟಿಸುತ್ತಿತ್ತು. ಮಗ ಹೇಳುತ್ತಾನೆ, ಊರು ಹೇಳುತ್ತದೆ, ಪಕ್ಕದ ಮನೆಯವರು ಶುಭಾಶಯ ಹೇಳುತ್ತಾರೆ; ನಾಲ್ಕು ಜನ ಒಪ್ಪಿದ ಮೇಲೆ ಅವರೂ ಒಪ್ಪಿಬಿಡುತ್ತಾರೆ. ಜೀವನವಿಡೀ ಒಪ್ಪುತ್ತ ಬಂದವರಿಗೆ ಇನ್ನೊಂದು ಒಪ್ಪಿಗೆ ಎಷ್ಟು ಹೊತ್ತಿನ ಕೆಲಸ? ಬೆಳಗಿನ ಪತ್ರಿಕೆಯೆದುರು ಅವರ ಮುಖವಿರುತ್ತದೆ. "ಇದನ್ನ ಕೇಳಿದ್ರಾ?" ಎಂದರೆ ಅವರು ಕೇಳುತ್ತಾರೆ ಕೂಡ. ಆ ಮುಖ ಹೇಗಿರುತ್ತದೆಂದು ನಾನು ನ್ಯಾಪ್‌ಕಿನ್ನಿನ ಮೇಲಿದ್ದ ಬೆರಳುಗಳಲ್ಲಿ ಕಂಡೆ. ಕಂಡೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಸೆ ಸಣ್ಣದಾಗಿರಲಿಲ್ಲ.

"ನನಗೆ ಒಪ್ಪಿಗೆ ಇಲ್ಲ," ಎಂದೆ.

ಶಶಾಂಕ್ ಫೋನನ್ನು ಮಗುಚಿಟ್ಟ.

"ಏನಂದ್ರಿ ಅಂಕಲ್?"

"ಸಂಬಂಧ ನನಗೆ ಒಪ್ಪಿಗೆ ಇಲ್ಲ ಅಂದೆ."

"ಅಪ್ಪಾ!"

"ಯಾಕೆ ಅಂತ ತಿಳ್ಕೊಬಹುದಾ?" ಶಶಾಂಕನ ದನಿ ತಣ್ಣಗಾಗಿತ್ತು. "ನಮ್ಮಮ್ಮನಿಗೆ ಏನು ಕಮ್ಮಿ ಆಗಿದೆ?"

ಕಾರಣ ನಾನು ಸಿದ್ಧಮಾಡಿಕೊಂಡಿರಲಿಲ್ಲ. ಹಿಂದಿನ ಕಾಲದಲ್ಲಿ ಜಾತಕವೆಂಬ ಕರುಣಾಳು ಇದ್ದ. ಎಲ್ಲರ ಮಾನವನ್ನೂ ಅವನು ಕಾಯುತ್ತಿದ್ದ. ಬಾಯಿಗೆ ಬಂದದ್ದನ್ನು ಹೇಳಿದೆ:

"ಮೇಡಂ ಪ್ರಶ್ನೆ ಜಾಸ್ತಿ ಕೇಳ್ತಾರೆ. ಈ ವಯಸ್ಸಲ್ಲಿ ದಿನಾ ಪರೀ‍ಕ್ಷೆ ಬರೆಯೋಕೆ ನನ್ನಿಂದಾಗಲ್ಲ."

"ಓಹೋ. ತಲೆ ತಗ್ಗಿಸ್ಕೊಂಡು ಇರೋರು ಬೇಕು ನಿಮಗೆ."

"ಹಾಗೇ ಅಂದ್ಕೊಳ್ಳಪ್ಪ."

ಪರಿಣಾಮ ನೋಡುವಂತಿತ್ತು. ಆಕೆ ಅಷ್ಟು ಸಲ ಹೇಳಿದ 'ಬೇಡ' ನಾಚಿಕೆಯಾಗಿತ್ತು, ಸಂಪ್ರದಾಯವಾಗಿತ್ತು, ಹೆಣ್ಮಕ್ಕಳ ಮಾತಾಗಿತ್ತು. ಗಂಡಿನ ಬಾಯಿಂದ ಬಂದ ಒಂದು 'ಬೇಡ' ತತ್‌ಕ್ಷಣ ತೀರ್ಪಾಯಿತು. ಸೆಪ್ಟೆಂಬರ್ ಹೋಯಿತು, ಲಿಫ್ಟ್ ಹೋಯಿತು, ತುಮಕೂರಿನ ಮನೆ ತನ್ನ ಅಡಿಪಾಯದ ಮೇಲೆ ಮತ್ತೆ ಗಟ್ಟಿಯಾಗಿ ನಿಂತಿತು. ಕಾಲ ಬದಲಾಗಿದೆಯೆಂದು ಮೂವರು ಹಿರಿಯರೂ ಬೆಳಿಗ್ಗೆಯಿಂದ ನನಗೆ ಭರವಸೆ ಕೊಡುತ್ತಿದ್ದರು.

"ಬಾ ಅಮ್ಮ, ಹೊರಗೆ ಕೂತ್ಕೊಳೋಣ," ಎಂದು ಶಶಾಂಕ್ ಎದ್ದ. ತಾಯಿಯ ಹೆಗಲಿಗೆ ದೋಣಿಯವರು ಕೊಟ್ಟ ಉಣ್ಣೆಯ ಹೊದಿಕೆ ಹೊದಿಸಿ, ಗಾಯಗೊಂಡವರನ್ನು ಕರೆದೊಯ್ಯುವಂತೆ ದೋಣಿಯ ಹಿಂಬದಿಯ ಡೆಕ್ಕಿಗೆ ಕರೆದೊಯ್ದ. ಹೋಗುವಾಗ ವಸುಂಧರಾ ತಿರುಗಿ ನೋಡಿದರು. ಅವರ ಮುಖದ ಮೇಲೆ ಅವಮಾನಿತೆಗೆ ಒಪ್ಪುವ ಗಾಂಭೀರ್ಯವಿತ್ತು; ಒಳ್ಳೆಯ ನಟಿ.

ಜ್ಯೋತ್ಸ್ನಾ ನನ್ನೊಡನೆ ಮಾತು ಬಿಟ್ಟಳು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಹೇಳಿದಳು: "ಈ ವಯಸ್ಸಲ್ಲೂ ಇಷ್ಟು ಅಹಂಕಾರ ಇರಬಾರದಪ್ಪ ನಿಮಗೆ." ನಾನು ಚೀಸಿನ ಒಂದು ತುಂಡು ತಿಂದೆ. ಹೊರಗೆ ಸಂಜೆಯ ಬೆಳಕು ನೀರಿನ ಮೇಲೆ, ಯಾರೂ ಓದದ ಭಾಷೆಯಲ್ಲಿ, ಉದ್ದುದ್ದ ಸಾಲುಗಳನ್ನು ಬರೆದು ಅಳಿಸುತ್ತಿತ್ತು. ನೋರೀನ್ ಬಂದು, ಯಜಮಾನರಿಗೆ ಯಜಮಾನಿತಿಯ ಮೇಲೆ ಮುನಿಸೇ ಎಂದು ಕಣ್ಣು ಮಿಟುಕಿಸಿದಳು. ನಲವತ್ತು ವರ್ಷದಲ್ಲಿ ಇದೆಲ್ಲ ಇದ್ದದ್ದೇ ಎಂದು ಅವಳೇ ಸಮಾಧಾನವನ್ನೂ ಹೇಳಿದಳು.

ಗಾಲ್ವೇಯ ದೋಣಿಕಟ್ಟೆಯಲ್ಲಿ ಪ್ರಯಾಣಿಕರಿಗೆಂದು ಗಾಜಿನ ಗೋಡೆಯ ಒಂದು ತಂಗುದಾಣವಿದೆ. ಶಶಾಂಕ್ ಕಾರು ತರಲು ಹೋದ. ದಿಲೀಪ್, ಜ್ಯೋತ್ಸ್ನಾ ನಮ್ಮ ಕಾರಿನತ್ತ ನಡೆದರು. ಜೊತೆಗೆ ಬಾ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ನಾನು ಬೆಂಚಿನ ಮೇಲೆ ಕುಳಿತಿದ್ದೆ. ವಸುಂಧರಾ ನೇರ ಬಂದು ಎದುರಿಗೆ ನಿಂತರು.

"ಕಾರಣ ಚೆನ್ನಾಗಿರಲಿಲ್ಲ," ಎಂದರು. "ಪ್ರಶ್ನೆ ಕೇಳೋದು ತಪ್ಪೇನ್ರಿ?"

"ಬೇರೆ ಹೊಳೀಲಿಲ್ಲ."

"ಇರ್ಲಿ. ಕೆಲಸ ಆಯ್ತು. ಅವನು ಇನ್ನು ಈ ಜನ್ಮದಲ್ಲಿ ಮದುವೆ ಅನ್ನಲ್ಲ. ನಮ್ಮಮ್ಮನ್ನ ಬೇಡ ಅಂದವರಿದಾರೆ ಅಂತ ಅಷ್ಟು ನೊಂದ್ಕೊಂಡಿದಾನೆ." ಅವರ ಕಣ್ಣಲ್ಲಿ ನಗು ಕುಣಿಯುತ್ತಿತ್ತು. "ತುಂಬ ಉಪಕಾರ ಆಯ್ತು ನಿಮ್ಮಿಂದ."

ನಾನು ಕಾದೆ. ತ್ಯಾಗ ಮಾಡಿದವನಿಗೆ ಒಂದು ದುರಾಸೆಯಿರುತ್ತದೆ: ತ್ಯಾಗವನ್ನು ಕಂಡವರ ಮನಸ್ಸು ಕರಗೀತು, ಕೊಟ್ಟದ್ದು ಹೇಗೋ ತಿರುಗಿ ಕೈಗೆ ಬಂದೀತು ಎಂದು. ನಾನು ದೋಣಿಯಲ್ಲಿ ಬೇಡವೆಂದ ಕ್ಷಣದಿಂದಲೂ, ನನಗೆ ಗೊತ್ತಿಲ್ಲದಂತೆ, ಈ ಮುಂದಿನ ಮಾತಿಗೆ ಕಾಯುತ್ತಿದ್ದೆ. ಅವರು ಚೀಲದ ಜಿಪ್ ಎಳೆದರು. ಮುಂದಿನ ಮಾತು ಇರಲಿಲ್ಲ. ಅವರ ಮುಖದಲ್ಲಿದ್ದದ್ದು ಶಾಲೆಯ ಗಂಟೆ ಬಾರಿಸಿದ ಮೇಲಿನ ನಿರಾಳ, ಅಷ್ಟೆ.

"ಒಂದು ಕೇಳ್ಲಾ?" ಎಂದೆ, ಎದ್ದು ನಿಂತು. "ಊರಿಗೆ ಹೋದ್ಮೇಲೆ ಯಾವಾಗಾದ್ರೂ ಫೋನ್ ಮಾಡಬಹುದಾ? ಸುಮ್ನೆ. ಪೇಪರಲ್ಲಿ ಏನಾದ್ರೂ ಓದಿದಾಗ."

"ಅಯ್ಯೋ, ಧಾರಾಳವಾಗಿ ಮಾಡಿ," ಎಂದರು ಅವರು. ಹೊರಗೆ ಕಾರಿನ ಹಾರ್ನ್ ಎರಡು ಸಲ ಕೂಗಿತು. "ಈಗ ಬರೆದುಕೊಡೋಕೆ ಹೊತ್ತಿಲ್ಲ. ನಂಬರ್ ಶಶಾಂಕನ ಹತ್ರ ಇದೆ, ಅವನನ್ನ ಕೇಳಿ ತಗೊಳ್ಳಿ."

ಗಾಜಿನಾಚೆ ಶಶಾಂಕ್ ಕಾರಿನ ಪಕ್ಕ ನಿಂತು, ನನ್ನತ್ತ ನೋಡಬಾರದೆಂಬ ಹಟದಿಂದ, ನದಿಯನ್ನು ನೋಡುತ್ತಿದ್ದ. ವಸುಂಧರಾ ಆಗಲೇ ಕೈಮುಗಿದು, ಹೊದಿಕೆಯನ್ನು ಬೆಂಚಿನ ಮೇಲೆ ಮಡಿಸಿಟ್ಟು, ಹುಡುಗಿಯ ಹಗುರ ಹೆಜ್ಜೆಯಲ್ಲಿ ಹೊರಟಿದ್ದರು. ಗಾಜಿನ ಬಾಗಿಲು ಅವರ ಹಿಂದೆ ನಿಧಾನವಾಗಿ ಮುಚ್ಚಿಕೊಂಡಿತು.